ಬಸ್ಸಿನ ಕಿಟಕಿಯೊಳಗೆ ಎಸೆದ ರಾಣಿ

ಗಟ್ಟಿ ಹೆಣ್ಣುಪಾತ್ರಗಳಿರುವ ಫ್ಯಾಂಟಸಿ ಮತ್ತು ವಿಜ್ಞಾನ ಕಾದಂಬರಿಗಳನ್ನು ಶಿಫಾರಸು ಮಾಡುವುದರಲ್ಲಿ ಮಾನ್ವಿ ತಾಲೂಕಿಗೆ ನಾನೇ ಮೊದಲಿಗ. ಎರಡನೆಯವರು ಯಾರೂ ಇಲ್ಲವಾದ್ದರಿಂದ ಇದನ್ನು ಧೈರ್ಯವಾಗಿ ಹೇಳಿಕೊಳ್ಳುತ್ತೇನೆ. ಹೊಟ್ಟೆಪಾಡಿಗೆ ಒಂದು ಕಚೇರಿಯಲ್ಲಿ ಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಸರ್ವರ್ ಕೈಕೊಟ್ಟಾಗ ಉಳಿದವರು ಚಹಾ ಕುಡಿಯಲು ಹೋಗುತ್ತಾರೆ. ನಾನು ಫೋನು ತೆಗೆದು ಸ್ತ್ರೀಯರ ಉದ್ಧಾರಕ್ಕೆ ಕೂರುತ್ತೇನೆ. "ಪ್ರತಿ ಹೆಣ್ಣುಮಗಳೂ ಓದಲೇಬೇಕಾದ ಕಾದಂಬರಿ" ಎಂದು ಶುರುವಾಗುವ ನನ್ನ ಪೋಸ್ಟುಗಳನ್ನು ಯಾವ ಹೆಣ್ಣುಮಗಳೂ ಓದುತ್ತಿರಲಿಲ್ಲ. ನನ್ನ ಪುಟದ ಹಿಂಬಾಲಕರಲ್ಲಿ ಅರ್ಧದಷ್ಟು ಜನ ಸೋನಾ ಮಸೂರಿ ವ್ಯಾಪಾರಿಗಳು. ಬಾಹ್ಯಾಕಾಶದ ಯೋಧೆಯ ಬಗ್ಗೆ ನಾನು ಬೆವರು ಸುರಿಸಿ ಬರೆದದ್ದರ ಕೆಳಗೆ ಒಬ್ಬರು "ಹಳೇ ಅಕ್ಕಿ ಸಿಗ್ತದ, ಫೋನ್ ಮಾಡ್ರಿ" ಎಂದು ಹಾಕಿದ್ದರು. ಅದನ್ನೂ ನಾನು ಪ್ರತಿಕ್ರಿಯೆ ಎಂದೇ ಲೆಕ್ಕ ಹಿಡಿದಿದ್ದೆ.

ನನ್ನ ಓದಿಗೆ ಒಂದು ಪದ್ಧತಿ ಇತ್ತು. ಯಾವ ಪುಸ್ತಕವಾದರೂ ಮೊದಲ ಅರವತ್ತು ಪುಟ ಓದುವುದು. ಅಷ್ಟರಲ್ಲಿ ನಾಯಕಿ ಯಾರು, ಅವಳ ಕೈಯಲ್ಲಿರುವ ಆಯುಧ ಯಾವುದು ಎಂಬುದು ತಿಳಿದುಬಿಡುತ್ತದೆ. ಉಳಿದ ಪುಟಗಳು ಓದುಗರ ವೈಯಕ್ತಿಕ ವಿಷಯ, ಅದರಲ್ಲಿ ನಾನು ಕೈ ಹಾಕುತ್ತಿರಲಿಲ್ಲ. ಗಟ್ಟಿ ಹೆಣ್ಣು ಎಂದರೆ ಕೆನ್ನೆಯ ಮೇಲೊಂದು ಗಾಯದ ಗುರುತು, ಸೊಂಟದಲ್ಲಿ ಕತ್ತಿ ಇಲ್ಲವೇ ಲೇಸರ್ ಬಂದೂಕು, ಗಾಳಿ ಇಲ್ಲದಿದ್ದರೂ ಹಾರುವ ಕೂದಲು, ಮತ್ತು ಒಟ್ಟಾರೆ ನಗಬಾರದು. ಇಷ್ಟಿದ್ದರೆ ನನ್ನಿಂದ ಐದು ನಕ್ಷತ್ರ ಖಾತ್ರಿ. ಆಕೆ ಇಡೀ ಪುಸ್ತಕದಲ್ಲಿ ಒಂದು ಹೊತ್ತಾದರೂ ಊಟ ಮಾಡಿದಳೇ ಎಂದು ನಾನು ನೋಡಿದವನಲ್ಲ.

ಒಮ್ಮೆ ನಮ್ಮವ್ವನಿಗೆ ಒಂದು ಪೋಸ್ಟನ್ನು ಗಟ್ಟಿಯಾಗಿ ಓದಿ ಹೇಳಿದೆ. ಆಕೆ ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ.

"ಅಷ್ಟು ಗಟ್ಟಿಗಿತ್ತಿ ಅದಾಳೇನು?"

"ಹೂನಬೇ. ಒಂದ್ ಕೈಲೆ ಹತ್ ಮಂದೀನ ಕೆಡವ್ತಾಳ."

"ಹಂಗಾದ್ರ ಆ ಇನ್ನೊಂದ್ ಕೈಲೆ ನಿನ್ನ ತಾಟು ತೊಳದು ಹೋಗಂತ ಹೇಳು."

ನಾನು ತಾಟು ತೊಳೆಯಲಿಲ್ಲ. ಮನೆಯಲ್ಲಿ ವಿಮರ್ಶಕನಿಗೆ ಬೆಲೆ ಇಲ್ಲ ಎಂದು ಇನ್ನೊಂದು ಪೋಸ್ಟು ಬರೆದೆ.

ಹೀಗಿರುವಾಗ ನನ್ನ ಜೀವನದ ಮೊದಲ ನಿಜವಾದ ಓದುಗಾರ್ತಿ ಸಿಕ್ಕಳು. ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಒಂದು ಮೆಸೇಜು. ನನ್ನ ಫೋಟೋ ಇರಬೇಕಾದ ಜಾಗದಲ್ಲಿ ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ ಇದ್ದುದರಿಂದ, ಪಾಪ, ಯಾರೋ ವಯಸ್ಸಾದ ವಿದ್ವಾಂಸರು ಎಂದು ತಿಳಿದಿದ್ದಳೇನೋ.

"ಸರ, ನಮಸ್ಕಾರ್ರಿ. ನಮ್ಮ ಹಾಸ್ಟೆಲಿಗೆ ಹೊಸಾ ಅಲಮಾರಿ ಬಂದದ. ಪೂರಾ ಗೈಡ್ ತುಂಬ್ತೀನಿ ಅಂತಾರ ಮೇಡಂ. ಕಥಿ ಪುಸ್ತಕನೂ ಇರ್ಲಿ ಅಂತ ನಾ ಗಂಟು ಬಿದ್ದೀನಿ. ಯಾರನ್ನರ ಕರ್ಸು, ಮಾತಾಡ್ಲಿ, ಹತ್ತು ಹುಡುಗ್ಯಾರು ಓದ್ತೀವಂತ ಹೆಸ್ರು ಬರ್ಸಿದ್ರ ಅಲಮಾರಿದಾಗಿನ ಎರಡು ಅರಿ ಕಥಿಗೆ ಬಿಡ್ತೀನಿ ಅಂದಾರ. ಇಲ್ಲಂದ್ರ ಎಲ್ಲಾ ಗೈಡೇ ಅಂತ. ಹತ್ತು ಹೆಸ್ರು ಬೇಕ್ರಿ ಸರ. ನಂದೊಂದು ಆತು. ಒಂಬತ್ತು ನೀವು ತರ್ಬೇಕು."

ಕಥೆ ಪುಸ್ತಕದ ಮೇಲೆ ಇಷ್ಟು ಹಟ ಯಾಕೆ ಎಂದು ಕೇಳಿದೆ. ಅವಳ ಊರು ಅರಕೇರಾ. ಅಪ್ಪ ಅವ್ವ ವರ್ಷದ ಬಹುಪಾಲು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ. ಊರಲ್ಲಿ ಮನೆಗೆ ಕೀಲಿ. ರಜೆ ಬಂದಾಗ ಎಲ್ಲರೂ ಚೀಲ ಹೊತ್ತು ಹೊರಡುತ್ತಾರೆ, ಹಾಸ್ಟೆಲಿನಲ್ಲಿ ಉಳಿಯುವುದು ಇವಳು ಮತ್ತು ಅಡುಗೆಯವರು. "ಹೋದ ರಜಿಯಾಗ ಭೂಗೋಳದ ಗೈಡ್ ಮೂರು ಸರ್ತಿ ಓದೀನ್ರಿ" ಎಂದು ಬರೆದಳು. "ಆಫ್ರಿಕಾದ ನದಿ ಎಲ್ಲಾ ಬಾಯಿಪಾಠ ಅದಾವ. ಕೇಳ್ತೀರೇನು?"

ಬೇಡ ಎಂದೆ. ಎರಡನೇ ಶನಿವಾರ ಬರುತ್ತೇನೆ, ಒಂಬತ್ತಲ್ಲ ತೊಂಬತ್ತು ಹೆಸರು ತರುತ್ತೇನೆ ಎಂದೆ. ಆ ಹಾಸ್ಟೆಲಿನಲ್ಲಿ ಒಟ್ಟು ಇರುವ ಹುಡುಗಿಯರೇ ಅರವತ್ತು ಎಂಬುದು ಆಮೇಲೆ ತಿಳಿಯಿತು.

ಭಾಷಣ ಮಾಡುವವನ ಕೈಯಲ್ಲಿ ಒಂದು ದಪ್ಪ ಪುಸ್ತಕ ಇರಬೇಕು. ಆ ಶನಿವಾರ ಬೆಳಿಗ್ಗೆಯೇ ರಾಯಚೂರಿಗೆ ಹೋಗಿ ಗ್ರಂಥಾಲಯದಲ್ಲಿ ಇದ್ದುದರಲ್ಲೇ ದಪ್ಪನೆಯ ಫ್ಯಾಂಟಸಿ ಕಾದಂಬರಿ ಆರಿಸಿದೆ. ಮುಖಪುಟ ಎಂದೋ ಕಿತ್ತುಹೋಗಿ, ಕಂದು ರಟ್ಟು ಹಾಕಿ ಹೊಲಿದಿದ್ದರು. ಹೆಸರೂ ಇಲ್ಲ, ಬರೆದವರೂ ಇಲ್ಲ. ಫ್ಯಾನಿನ ಕೆಳಗೆ ಕೂತು ಪದ್ಧತಿಯಂತೆ ಅರವತ್ತು ಪುಟ ಓದಿದೆ. ಮರಳುಗಾಡಿನಲ್ಲೊಂದು ರಾಜ್ಯ. ಅಲ್ಲೊಬ್ಬಳು ರಾಣಿ. ಕೆನ್ನೆಗೆ ಗಾಯ, ಸೊಂಟಕ್ಕೆ ಕತ್ತಿ. ಕೂರುವುದು ರೆಕ್ಕೆ ಇರುವ ದೈತ್ಯ ಉಡದ ಮೇಲೆ. ನಗುವುದೇ ಇಲ್ಲ. ನನಗೆ ಇನ್ನೇನು ಬೇಕು? ಅರವತ್ತನೇ ಪುಟದ ಕೊನೆಯ ಸಾಲಿಗೆ ಬಂದು, ಅದು ವಾಕ್ಯದ ನಡುವೆ ಇದ್ದರೂ, ಮುಚ್ಚಿದೆ. ನಿಯಮ ಎಂದರೆ ನಿಯಮ.

ಬಸ್‌ಸ್ಟ್ಯಾಂಡಿಗೆ ಬಂದರೆ ದೇವದುರ್ಗದ ಬಸ್ಸು ಇನ್ನೂ ನಿಂತಿರಲೇ ಇಲ್ಲ, ಆಗಲೇ ಜನ ಅದರ ಜೊತೆಜೊತೆಗೆ ಓಡುತ್ತಿದ್ದರು. ನಮ್ಮ ಕಡೆ ಸೀಟು ಹಿಡಿಯುವುದು ಬಾಗಿಲಿನಿಂದ ಅಲ್ಲ, ಕಿಟಕಿಯಿಂದ. ಹೊರಗೇ ನಿಂತು ಟವೆಲ್ಲನ್ನು ಕಿಟಕಿಯೊಳಗೆ ಎಸೆದರೆ ಅದು ಬಿದ್ದ ಸೀಟು ನಿಮ್ಮದು. ಆಮೇಲೆ ನೀವು ನಿಧಾನ ಹತ್ತಿ ಬರಬಹುದು, ನಿಮ್ಮ ಟವೆಲ್ಲಿನ ಪಕ್ಕ ನಾಲ್ಕು ಜನ ನಿಂತಿದ್ದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಇಂಥ ನಂಬಿಕೆ ಜಗತ್ತಿನ ಯಾವ ಬ್ಯಾಂಕಿನ ಮೇಲೂ ಇಲ್ಲ. ನನ್ನ ಹತ್ತಿರ ಟವೆಲ್ ಇರಲಿಲ್ಲ. ಭಾಷಣಕಾರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೋದರೆ ಚೆನ್ನಾಗಿರುವುದಿಲ್ಲವೆಂದು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೈಯಲ್ಲಿದ್ದದ್ದು ರಾಣಿ. ಎಸೆದೆ.

ಗುರಿ ಮಾತ್ರ ಅಮೋಘವಾಗಿತ್ತು. ಪುಸ್ತಕ ಮೂರನೇ ಸಾಲಿನ ಸೀಟಿನ ಮೇಲೆ ಧಡ್ ಎಂದು ಕೂತದ್ದು ಹೊರಗೆ ನಿಂತ ನನಗೂ ಕೇಳಿಸಿತು. ನೂಕಾಡಿ ಹತ್ತಿ ಬಂದು ನೋಡಿದರೆ ಸೀಟಿನ ಮೇಲೆ ಒಬ್ಬ ಮುದುಕಿ, ಅವಳ ಕಾಲ ಬಳಿ ಖಾಲಿ ಸೊಪ್ಪಿನ ಬುಟ್ಟಿ, ಅವಳ ಕೆಳಗೆ ನನ್ನ ಪುಸ್ತಕ.

"ಯವ್ವಾ, ಆ ಸೀಟು ನಂದು. ಪುಸ್ತಕ ಒಗದೀನಿ."

"ಪುಸ್ತಕ?" ಮುದುಕಿ ಸ್ವಲ್ಪ ಎದ್ದು, ಅದನ್ನು ಎಳೆದು ತೆಗೆದು, ಮತ್ತೆ ಕೂತಳು. "ಯಾರೋ ಮರ್ತು ಹೋಗ್ಯಾರ ಅನ್ಕೊಂಡೆ. ಟವೆಲ್ ಒಗಿಬೇಕು ತಮ್ಮಾ."

"ಪುಸ್ತಕ ಆದ್ರ ಏನಾತು?"

"ಟವೆಲ್ ಬಿದ್ದಿತ್ತಂದ್ರ ಮನ್ಷ್ಯಾ ಬರಾಕತ್ತಾನ ಅಂತ. ಪುಸ್ತಕ ಬಿದ್ದಿತ್ತಂದ್ರ ಮನ್ಷ್ಯಾ ಹೋಗ್ಯಾನ ಅಂತ."

ನಾನು ಕಂಡಕ್ಟರ್ ಕಡೆ ನ್ಯಾಯಕ್ಕೆ ನೋಡಿದೆ. ಆತ ಟಿಕೆಟ್ ಮಷೀನಿನಿಂದ ತಲೆ ಎತ್ತದೆ, "ಟವೆಲ್ ನಡೀತದ, ಕರ್ಚೀಫ್ ನಡೀತದ, ಚಪ್ಪಲಿ ಒಗದ್ರೂ ನಡೀತದ. ಪುಸ್ತಕ ಇನ್ನಾ ಯಾರೂ ಒಗದಿಲ್ಲ. ಒಳಗ ಸರೀರಿ" ಎಂದ. ನಾನು ಸರಿದೆ. ಒಂದು ರಾಜ್ಯ ಆಳುವ ರಾಣಿಗೆ ಚಪ್ಪಲಿಗಿರುವ ಅಧಿಕಾರವೂ ಇರಲಿಲ್ಲ.

ಊರು ದಾಟುವ ಹೊತ್ತಿಗೆ ಮುದುಕಿಗೆ ಕನಿಕರ ಬಂತು. "ಏನದ ಇದ್ರಾಗ?" ಎಂದಳು.

ಸಿಕ್ಕಿತಲ್ಲ ಅವಕಾಶ. ಸಂಜೆಯ ಭಾಷಣದ ತಾಲೀಮು ಎಂದುಕೊಂಡು, ಡ್ರೈವರಿಗೂ ಕೇಳುವಂತೆ ಶುರು ಮಾಡಿದೆ. "ಒಬ್ಬಾಕಿ ರಾಣಿ ಇರ್ತಾಳಬೇ. ಎಂಥಾ ರಾಣಿ ಅಂತಿ? ಉಡದ ಮ್ಯಾಲ ಕುಂತು ಆಕಾಶದಾಗ ಹಾರ್ತಾಳ."

"ಉಡದ ಮ್ಯಾಲ? ಎಷ್ಟ್ ದೊಡ್ಡದು ಉಡ?"

"ಈ ಬಸ್ಸಿಗಿಂತ ದೊಡ್ಡದು."

ಮುದುಕಿ ಬಸ್ಸಿನ ಹಿಂದೆ ಮುಂದೆ ನೋಡಿ ಅಳತೆ ಮಾಡಿಕೊಂಡಳು. "ಅಷ್ಟ್ ದೊಡ್ಡದಕ್ಕ ತಿನ್ನಾಕ ಯಾರು ಹಾಕ್ತಾರ?"

"ಯಾರೋ ಹಾಕ್ತಾರ."

"ಸಗಣಿ ಯಾರು ಬಳೀತಾರ?"

"ಯವ್ವಾ, ಅದು ಕಥ್ಯಾಗ ಬರಂಗಿಲ್ಲ. ಇದು ರಾಣಿ ಕಥಿ."

"ಬಸ್ಸಿನಷ್ಟು ಉಡ ಅಂತಿ, ಸಗಣಿ ಬರಂಗಿಲ್ಲ ಅಂತಿ" ಎಂದು ಮುದುಕಿ ನನ್ನ ಮೇಲಿನ ನಂಬಿಕೆ ಬಿಟ್ಟು ಕಣ್ಣು ಮುಚ್ಚಿದಳು.

ಅವಳ ಪಕ್ಕ ಕಿಟಕಿಗೆ ಒಬ್ಬ ಹುಡುಗಿ ಕೂತಿದ್ದಳು. ತೊಡೆಯ ಮೇಲೆ ಯಾವುದೋ ಅರ್ಜಿಯ ಪ್ಲಾಸ್ಟಿಕ್ ಫೈಲು. ಇಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಂಡವಳು, "ಅಣ್ಣಾ, ನೋಡ್ಲೇನ್ರಿ?" ಎಂದಳು. ನಾನು ಉದಾರವಾಗಿ ಕೊಟ್ಟೆ. ಕೊಟ್ಟು ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. "ಸ್ವಲ್ಪ ಕಠಿಣ ಅದ. ತಿಳೀಲಿಲ್ಲಂದ್ರ ಕೇಳವ್ವಾ" ಎಂದೆ.

"ಹೂನ್ರಿ" ಎಂದು ಓದತೊಡಗಿದಳು. ಆಮೇಲೆ ಏನನ್ನೂ ಕೇಳಲಿಲ್ಲ.

ಗಬ್ಬೂರಿನಲ್ಲಿ ಬಸ್ಸಿನ ಟೈರು ಪಂಕ್ಚರ್ ಆಯಿತು. ಬದಲಿ ಟೈರಿನಲ್ಲಿ ಗಾಳಿ ಇರಲಿಲ್ಲ. ಗಾಳಿ ತರಲು ಹೋದವನು ಊಟ ಮುಗಿಸಿ ಬಂದ. ಗಂಟೆಗೂ ಮಿಕ್ಕಿ ಅಲ್ಲೇ ನಿಂತೆವು. ಎಲ್ಲರೂ ಇಳಿದು ಮಿರ್ಚಿ ತಿಂದರು, ನಾನು ಎರಡು ಸಲ ತಿಂದೆ, ಚಹಾದಂಗಡಿಯವನಿಗೆ ಸ್ತ್ರೀಶಕ್ತಿಯ ಬಗ್ಗೆ ಹೇಳಿದೆ, ಅವನು "ಕಪ್ ಕೆಳಗ ಇಡ್ರಿ" ಎಂದ. ಆ ಹುಡುಗಿ ಮಾತ್ರ ಇಳಿಯಲಿಲ್ಲ. ಕಿಟಕಿಯಲ್ಲಿ ಅವಳ ಬಗ್ಗಿದ ತಲೆ ಕಾಣುತ್ತಿತ್ತು. ಅಪರೂಪಕ್ಕೆ ಸಿಕ್ಕ ಪುಸ್ತಕ, ಓದಿಕೊಳ್ಳಲಿ ಎಂದು ನಾನು ಮಿರ್ಚಿ ಕೈಯನ್ನು ಒರೆಸಿಕೊಂಡು ದೊಡ್ಡ ಮನಸ್ಸು ಮಾಡಿದೆ.

ದೇವದುರ್ಗದಲ್ಲಿ ಜನ ನನ್ನನ್ನು ಇಳಿಸಿದರು ಎನ್ನಬೇಕು; ನಾನಾಗಿ ಇಳಿಯಲಿಲ್ಲ. ಹಾಸ್ಟೆಲಿನ ದಾರಿ ಕೇಳಿಕೊಂಡು ಅರ್ಧ ನಡೆದ ಮೇಲೆ ಕೈ ಖಾಲಿ ಇರುವುದು ಗೊತ್ತಾಯಿತು. ಓಡಿ ವಾಪಸು ಬಂದೆ. ಕಂಡಕ್ಟರ್ ಖಾಲಿ ಬಸ್ಸಿನಲ್ಲಿ ಕಾಲು ಚಾಚಿದ್ದ.

"ಪುಸ್ತಕನಾ? ಆ ಹುಡುಗಿ ತಗೊಂಡು ಇಳಿದ್ಲು. ನಿಮ್ಮನ್ನ ಹುಡುಕಿದ್ಲು ಸ್ವಲ್ಪ ಹೊತ್ತು. ನಿಮ್ಮ ತಂಗಿ ಅಲ್ಲೇನು?"

ಗ್ರಂಥಾಲಯದ ಪುಸ್ತಕ ಹೋಯಿತು, ಇನ್ನು ದಂಡ ಕಟ್ಟಬೇಕು ಎಂದುಕೊಂಡೆ. ಆದರೆ ನನ್ನ ಬುದ್ಧಿ ಎಂಥದೆಂದರೆ ಎರಡೇ ನಿಮಿಷದಲ್ಲಿ ಸಮಾಧಾನ ಹುಡುಕಿಕೊಂಡಿತು: ಪುಸ್ತಕವೇ ಇಲ್ಲದ ಮೇಲೆ ನಾನು ಹೇಳಿದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಹಾಸ್ಟೆಲಿನ ಊಟದ ಹಾಲಿನಲ್ಲಿ ಹುಡುಗಿಯರೆಲ್ಲ ನೆಲದ ಮೇಲೆ ಕೂತಿದ್ದರು. ಗೋಡೆಗೆ ಹೊಸ ಅಲಮಾರಿ, ಅದರ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ. ವಾರ್ಡನ್ ಮೇಡಂ ಹಾಜರಿ ಪುಸ್ತಕ ಇಟ್ಟುಕೊಂಡು ಕುರ್ಚಿಯಲ್ಲಿದ್ದರು. "ತಡಾ ಮಾಡಿದ್ರಿ. ಆರಕ್ಕ ಹುಡುಗ್ಯಾರು ಓದಾಕ ಕೂಡ್ತಾರ" ಎಂದರು. "ಲಗೂನ ಸ್ವಾಗತ ಮಾಡಬೇ ನೀನು."

ಸ್ವಾಗತಕ್ಕೆ ಎದ್ದು ನಿಂತವಳು ಬಸ್ಸಿನ ಹುಡುಗಿ. ಎದೆಗೆ ಅವಚಿಕೊಂಡದ್ದು ಕಂದು ರಟ್ಟಿನ ಪುಸ್ತಕ. ನಡುವೆ ಬಸ್ ಟಿಕೆಟ್ಟನ್ನು ಗುರುತಿಗೆ ಇಟ್ಟಿದ್ದಳು.

ನನ್ನನ್ನು ನೋಡಿ ಅವಳ ಬಾಯಿಂದ ಮೊದಲು ಬಂದದ್ದು "ಅಣ್ಣಾ." ಆಮೇಲೆ ಸಾವರಿಸಿಕೊಂಡು "ಸರ" ಎಂದಳು. ಮೆಸೇಜು ಕಳಿಸಿದವಳು ಇವಳೇ, ಒಂಬತ್ತು ಹೆಸರು ಕೇಳಿದವಳು ಇವಳೇ. ಇವಳಿಗೇ ನಾನು ತಿಳಿಯದಿದ್ದರೆ ಕೇಳು ಎಂದು ಹೇಳಿದ್ದೆ. ಪುಸ್ತಕವನ್ನು ನನ್ನ ಮುಂದೆ ಇಟ್ಟು ಮೆಲ್ಲಗೆ, "ಸರ, ಚಾಲೂ ಮಾಡೋಕ್ಕಿಂತ ಮೊದಲ ಒಂದ್ ಮಾತು ಹೇಳ್ಲೇನ್ರಿ? ಆ ರಾಣಿ ವಿಷಯ" ಎಂದಳು.

"ಪ್ರಶ್ನೆ ಎಲ್ಲಾ ಕೊನಿಗೆ" ಎಂದೆ. ದೊಡ್ಡ ಭಾಷಣಕಾರರು ಹೀಗೇ ಹೇಳುವುದನ್ನು ನೋಡಿದ್ದೆ.

ರಾಣಿಯನ್ನು ಕೊನೆಗೆ ಇಟ್ಟುಕೊಂಡು ಮೊದಲು ಬಾಹ್ಯಾಕಾಶಕ್ಕೆ ಹೋದೆ. ಒಂದು ವಿಜ್ಞಾನ ಕಾದಂಬರಿಯ ಕ್ಯಾಪ್ಟನ್ನಳ ಕಥೆ. ನೌಕೆಯಲ್ಲಿ ಇನ್ನೂರು ವರ್ಷ ಗಾಜಿನ ಪೆಟ್ಟಿಗೆಯೊಳಗೆ ನಿದ್ದೆ ಮಾಡಿ, ಎದ್ದ ಕೂಡಲೇ ಶತ್ರುಗಳ ಮೇಲೆ ಬೀಳುತ್ತಾಳೆ. ಹಿಂದಿನ ಸಾಲಿನಲ್ಲಿ ಒಬ್ಬಳು ಕೈ ಎತ್ತಿದಳು. ಕೊನೆಗೆ ಎಂದರೂ ಇಳಿಸಲಿಲ್ಲ.

"ಸರ, ಇನ್ನೂರು ವರ್ಷ ಮಲ್ಗಿ ಎದ್ದಾಕಿ ಮೊದಲ ಬಚ್ಚಲಕ್ಕ ಹೋಗ್ಲಿಲ್ಲೇನ್ರಿ?"

ಹಾಲ್ ಪೂರ್ತಿ ನಕ್ಕಿತು. ಮೇಡಂ "ಏ, ಸುಮ್ನಿರ್ರಿ" ಎಂದರು, ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು.

"ನೌಕೆಯಾಗ ಹೆಣ್ಮಕ್ಕಳು ಎಷ್ಟು ಮಂದಿ ಇದ್ರು ಸರ?" ಇನ್ನೊಬ್ಬಳು.

"ಆಕಿ ಒಬ್ಬಾಕಿ. ಉಳದೋರು ನಲವತ್ತು ಗಂಡಸ್ರು. ಅದಕ್ಕ ಆಕಿ ಗಟ್ಟಿಗಿತ್ತಿ."

"ಹಂಗಾದ್ರ ಬಚ್ಚಲಕ್ಕ ಚಿಲಕ ಇತ್ತೇನ್ರಿ?"

ನಾನು ಯೋಚಿಸಿದೆ. ಆ ಕಾದಂಬರಿಕಾರ ನೌಕೆಗೆ ಹನ್ನೆರಡು ಫಿರಂಗಿ ಇಟ್ಟಿದ್ದ, ಪ್ರತಿಯೊಂದನ್ನೂ ಒಂದೊಂದು ಪುಟ ವರ್ಣಿಸಿದ್ದ. ನಾನು ಓದಿದ ಅರವತ್ತು ಪುಟದಲ್ಲಿ ಚಿಲಕ ಎಲ್ಲಿಯೂ ಬಂದಿರಲಿಲ್ಲ. ಅದು ಇಲ್ಲವೆಂದು ಗಮನಿಸುವ ಕಷ್ಟ ನನಗೂ ಎಂದೂ ಬಂದಿರಲಿಲ್ಲ, ಅವನಿಗೂ ಬಂದಿರಲಿಲ್ಲ.

ಹೆಸರು ಬರೆಯುವ ಹಾಳೆ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ನನ್ನ ಪಕ್ಕ ಬಂದಾಗ ಕದ್ದು ನೋಡಿದೆ. ಎರಡೇ ಹೆಸರು. ಒಂದು ನನ್ನನ್ನು ಕರೆಸಿದವಳದು, ಇನ್ನೊಂದು ಅವಳ ಪಕ್ಕ ಮಲಗುವ ಹುಡುಗಿಯದು, ಅದೂ ಸ್ನೇಹಕ್ಕೆ. ಗಾಬರಿಯಾಗಿ, ಇಂಥ ಸಮಯದಲ್ಲಿ ಎಲ್ಲರೂ ಹಿಡಿಯುವ ಹಗ್ಗವನ್ನೇ ಹಿಡಿದೆ. "ನೋಡ್ರಿ, ನಿಜವಾದ ಗಟ್ಟಿಗಿತ್ತಿ ಅಂದ್ರ ನಿಮ್ಮ ಮನ್ಯಾಗಿನ ತಾಯಿ" ಎಂದೆ.

ಹಾಲಿನಿಂದ ಒಂದು ನಿಟ್ಟುಸಿರು ಬಂತು, ಟೈರಿನ ಗಾಳಿ ಹೋದ ಹಾಗೆ.

"ಬಂದೋರೆಲ್ಲ ಇದನ್ನ ಹೇಳ್ತಾರ್ರಿ ಸರ" ಎಂದಳು ಮುಂದಿನ ಸಾಲಿನ ಒಬ್ಬಳು. "ಹೋದ ವರ್ಷ ಒಬ್ರು ಹೇಳಿದ್ದನ್ನ ನಮ್ಮವ್ವಗ ಹೇಳಿದೆ. ಹೌದೇನು, ಹಂಗಾದ್ರ ನಾಳೆ ಅವ್ರನ್ನ ನಾಟಿ ಹಚ್ಚಾಕ ಕಳ್ಸು ಅಂದ್ಲು."

ಉಳಿದಿದ್ದದ್ದು ರಾಣಿ. ಎದ್ದು ನಿಂತು, ಪುಸ್ತಕ ಎತ್ತಿ ಹಿಡಿದು, ಗಾಯದಿಂದ ಶುರು ಮಾಡಿ ಕತ್ತಿಗೆ ಬಂದು ಉಡಕ್ಕೆ ಏರಿಸಿದೆ. ಅರವತ್ತನೇ ಪುಟ ಮುಗಿದರೂ ನಿಲ್ಲಲಿಲ್ಲ. ಇಲ್ಲದ ಯುದ್ಧಗಳನ್ನು ಗೆಲ್ಲಿಸಿದೆ. ಮೂರು ರಾಜರ ತಲೆ ತೆಗೆಸಿದೆ. ಮುಂದಿನ ಸಾಲಿನಲ್ಲಿ ನನ್ನ ಓದುಗಾರ್ತಿ ಒಂದೇ ಸಮನೆ ತಲೆ ಅಲ್ಲಾಡಿಸುತ್ತಿದ್ದಳು, ಬೇಡ ಬೇಡ ಎನ್ನುವ ಹಾಗೆ. ಮೆಚ್ಚಿಕೊಂಡಳು ಎಂದುಕೊಂಡು ನಾಲ್ಕನೇ ರಾಜನನ್ನು ಕರೆತಂದೆ.

"ಕೊನಿಗೆ ಏನಾಗ್ತದ್ರಿ?" ಮೇಡಂ ಗಡಿಯಾರ ನೋಡುತ್ತ ಕೇಳಿದರು.

"ಕೊನಿಗಾ? ಎಲ್ಲಾರನ್ನೂ ಗೆದ್ದು, ಉಡದ ಮ್ಯಾಲ ಕುಂತು, ಇಡೀ ರಾಜ್ಯ ಆಳ್ತಾಳ್ರಿ."

ಒಬ್ಬಳು ಆಕಳಿಸಿದಳು. ಮೇಡಂ ಹಾಳೆ ತೆಗೆದುಕೊಂಡು ಎಣಿಸಿದರು, ಎಣಿಸಲು ಬಹಳ ಹೊತ್ತು ಬೇಕಾಗಲಿಲ್ಲ. "ಎರಡದಾವ. ಆತಲ್ಲಬೇ? ನಾ ಹೇಳಿದ ಮಾತು ಕೇಳಿದ್ದಿಲ್ಲ ನೀನು. ಗೈಡೇ ಇರ್ಲಿ" ಎಂದು ಪೆನ್ನಿನ ಟೋಪಿ ಹಾಕಿದರು.

ಆಗ ಅವಳು ಎದ್ದಳು. ನನ್ನನ್ನು ನೋಡಲಿಲ್ಲ, ಅಲಮಾರಿಯನ್ನು ನೋಡುತ್ತಿದ್ದಳು.

"ಮೇಡಂ, ಸರ ಹೇಳಿದಂಗ ಆಗಂಗಿಲ್ರಿ. ಎಪ್ಪತ್ತೊಂದನೇ ಪುಟದಾಗ ರಾಣಿ ಸಾಯ್ತಾಳ."

ಇಡೀ ಹಾಲು ನನ್ನ ಕಡೆ ತಿರುಗಿತು. ನಾನು ಪುಸ್ತಕದ ಕಡೆ ತಿರುಗಿದೆ. ಹನ್ನೊಂದು ಪುಟ. ಇನ್ನು ಹನ್ನೊಂದು ಪುಟ ಓದಿದ್ದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ.

"ಹೆಂಗ ಸಾಯ್ತಾಳ?" ಆಕಳಿಸಿದವಳು ಕೇಳಿದಳು.

"ಉಡದ ಮ್ಯಾಲಿಂದ ಬೀಳ್ತಾಳ. ಅವತ್ತು ಅದಕ್ಕ ತಿನ್ನಾಕ ಯಾರೂ ಹಾಕಿದ್ದಿಲ್ಲ, ಸಿಟ್ಟಿಗೆ ಬಂದಿತ್ತು."

"ಯಾಕ ಹಾಕಿದ್ದಿಲ್ಲ?"

"ಹಾಕೋ ಹೆಂಗಸ್ನ ಹಿಂದಿನ ದಿನ ರಾಣಿನೇ ಕೆಲಸದಿಂದ ತಗದಿದ್ಲು. ಸಗಣಿ ವಾಸ್ನಿ ಬರ್ತದ ನಿನ್ನ ಮೈಯಾಗ ಅಂತ."

ಹಿಂದಿನ ಸಾಲಿನವರು ಮುಂದೆ ಸರಿದು ಕೂತರು. ಅವಳು ಹೇಳುತ್ತಾ ಹೋದಳು, ನನ್ನ ಹಾಗೆ ಕೈ ಬೀಸದೆ. ಆ ಹೆಂಗಸಿಗೆ ಕತ್ತಿ ಹಿಡಿಯಲು ಬರುವುದಿಲ್ಲ. ಕೆನ್ನೆಗೆ ಗಾಯ ಇಲ್ಲ, ಅಂಗೈಯಲ್ಲಿ ಜಡ್ಡು ಇದೆ. ರಾಣಿ ಸತ್ತ ಮೇಲೆ ದಂಡಿನವರೆಲ್ಲ ಉಡದ ಮೇಲೆ ಏರಲು ನೋಡಿ ಒಬ್ಬೊಬ್ಬರಾಗಿ ಕೈಕಾಲು ಮುರಿದುಕೊಳ್ಳುತ್ತಾರೆ. ಅದು ಯಾರ ಮಾತೂ ಕೇಳುವುದಿಲ್ಲ, ಇವಳ ದನಿಗೆ ಮಾತ್ರ ತಲೆ ಬಗ್ಗಿಸುತ್ತದೆ.

"ಆಕಿ ಹತ್ತಿ ಹಾರ್ತಾಳೇನು?"

"ಇಲ್ಲ. ಆಕಿ ಹತ್ತಂಗೇ ಇಲ್ಲ. ಜೋಡಿ ನಡ್ಕೊಂತ ಹೋಗ್ತಾಳ. ಆ ಊರಾಗ ಮ್ಯಾಲಿನ ಮಂದಿ ತೂಬು ಮುಚ್ಚಿಟ್ಟಾರ, ಕೆಳಗಿನೋರಿಗೆ ನೀರು ಬರಂಗಿಲ್ಲ."

"ಟೇಲ್ ಎಂಡ್" ಎಂದು ಯಾರೋ ಅಂದರು. ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ. ಮೇಡಂ ಕೂಡ ತಲೆದೂಗಿದರು, ಅವರ ತವರಿನ ಹೊಲವೂ ಕಾಲುವೆಯ ಕೊನೆಗೇ ಇದೆಯಂತೆ.

"ಹೂಂ. ಆಕಿ ಉಡಾ ಹೊಡ್ಕೊಂಡು ಸೀದಾ ತೂಬಿನ ಮುಂದ ಬಂದು ನಿಲ್ತಾಳ. ಅಲ್ಲಿ ಬಿಲ್ಲು ಹಿಡ್ಕೊಂಡು ಕಾವಲಿನೋರು. ದೊಡ್ಡಾಂವ ಹೇಳ್ತಾನ, ಒಂದ್ ಹೆಜ್ಜಿ ಮುಂದ ಇಟ್ರ ಬಾಣ ಬಿಡ್ತೀವಿ ಅಂತ. ಆಕಿ ಉಡದ ಕಿವ್ಯಾಗ ಏನೋ ಹೇಳ್ತಾಳ."

ನಿಲ್ಲಿಸಿದಳು.

"ಏನ್ ಹೇಳ್ತಾಳ?"

"ಗೊತ್ತಿಲ್ಲ. ಅಲ್ಲಿಗೆ ದೇವದುರ್ಗ ಬಂತು."

ಹಾಲಿನಲ್ಲಿ ಎದ್ದಂಥ ಗದ್ದಲವನ್ನು ನಾನು ಹಿಂದೆ ಕೇಳಿದ್ದು ವಿದ್ಯುತ್ ಹೋದಾಗ ಮಾತ್ರ. ಆಮೇಲೆ ಎಲ್ಲ ಮುಖಗಳೂ ಒಟ್ಟಿಗೆ ನನ್ನ ಕಡೆ ತಿರುಗಿದವು. "ಸರ, ನೀವು ಹೇಳ್ರಿ. ಏನ್ ಹೇಳ್ತಾಳ?" ಅವತ್ತು ಮೊದಲ ಸಲ ಅವರು ನನ್ನನ್ನು ಏನನ್ನೋ ನಿಜವಾಗಿ ಕೇಳುತ್ತಿದ್ದರು. ನನ್ನ ಬಳಿ ಇನ್ನೊಂದು ಸುಳ್ಳು ತಯಾರಿತ್ತು. ಆದರೆ ಅವಳೂ ನೋಡುತ್ತಿದ್ದಳು. ಆ ಮುಖದಲ್ಲಿ ಯಾಕೋ ಸಿಟ್ಟು ಇರಲಿಲ್ಲ, ಅವಳಿಗೂ ಮುಂದಿನದು ಬೇಕಿತ್ತು, ಅಷ್ಟೇ.

"ನಾ ಅರವತ್ತೇ ಪುಟ ಓದೀನ್ರಿ" ಎಂದೆ.

ನಗು ನಿಲ್ಲಲು ಸಮಯ ಹಿಡಿಯಿತು. ಅಡುಗೆಯವರೂ ಬಂದು ಬಾಗಿಲಲ್ಲಿ ನಿಂತು, ವಿಷಯ ಕೇಳಿಕೊಂಡು ನಕ್ಕು ಹೋದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅರವತ್ತು ಪುಟ ಓದಿ ಇಷ್ಟೊತ್ತು ಮಾತಾಡಿದ್ರೇನ್ರಿ? ನಮ್ಮ ಹುಡುಗ್ಯಾರು ಪೂರಾ ಸಿಲಬಸ್ ಓದಿ ಪರೀಕ್ಷಾದಾಗ ಎರಡು ಪುಟ ಬರ್ಯಂಗಿಲ್ಲ. ಇವ್ರಿಗೆ ಅದನ್ನರ ಕಲಿಸ್ರಿ."

ಅಷ್ಟರಲ್ಲಿ ಹಾಳೆ ಮೇಡಂ ಕೈಯಿಂದ ಹೋಗಿ ಎರಡು ಸುತ್ತು ಹೊಡೆದಿತ್ತು. ಇಪ್ಪತ್ತಾರು ಹೆಸರು. ಪುಸ್ತಕ ಮೊದಲು ಯಾರಿಗೆ ಎಂದು ಎರಡು ಸಾಲುಗಳ ನಡುವೆ ಜಗಳ. ಅದು ಗ್ರಂಥಾಲಯದ್ದು, ನನ್ನ ಹೆಸರಿನಲ್ಲಿದೆ ಎಂದು ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಮೇಡಂ ಮಾತಿಗೆ ತಪ್ಪಲಿಲ್ಲ, ಅಲಮಾರಿಯ ಎರಡು ಅರೆ ಕಥೆಗೆ ಬಿಟ್ಟರು. ಆದರೆ ನನಗೆ ಒಂದು ಷರತ್ತು. ಯಾವ ಪುಸ್ತಕ ತರಬೇಕೆಂದು ನಾನು ಹೇಳಬಹುದು, ಪೂರ್ತಿ ಓದಿದ್ದನ್ನು ಮಾತ್ರ. ಓದಿದ್ದೇನೋ ಇಲ್ಲವೋ ಎಂದು ಹುಡುಗಿಯರು ಪ್ರಶ್ನೆ ಕೇಳಿ ನೋಡುತ್ತಾರೆ. ಪರೀಕ್ಷೆ ಎಂದರೆ ಪರೀಕ್ಷೆ. ನಾಯಕಿ ಊಟಕ್ಕೆ ಏನು ತಿಂದಳು, ಅದನ್ನು ಮಾಡಿದವರು ಯಾರು, ಅವಳಿಗೊಬ್ಬಳು ಗೆಳತಿ ಇದ್ದಾಳೋ ಇಲ್ಲವೋ, ಬಟ್ಟೆ ಎಲ್ಲಿ ಒಗೆದಳು, ಕೊನೆಗೆ ಉಸಿರಾಡುತ್ತಿದ್ದಾಳೋ. ಇಲ್ಲಿಯವರೆಗೆ ಎರಡು ಸಲ ನಾಪಾಸಾಗಿದ್ದೇನೆ. ಆ ನೌಕೆಯ ಕ್ಯಾಪ್ಟನ್ನಳನ್ನು ಪೂರ್ತಿ ಓದಿದೆ: ನೂರನೇ ಪುಟದಲ್ಲಿ ನಲವತ್ತು ಗಂಡಸರಲ್ಲಿ ಒಬ್ಬನನ್ನು ಪ್ರೀತಿಸಿ, ಬಂದೂಕು ಅವನ ಕೈಗೆ ಕೊಟ್ಟು, ಉಳಿದ ಮುನ್ನೂರು ಪುಟ ಕಿಟಕಿಯಲ್ಲಿ ನಕ್ಷತ್ರ ನೋಡುತ್ತಾಳೆ. ನನ್ನ ಐದು ನಕ್ಷತ್ರ ಆಗ ನೆನಪಾಯಿತು. ಅಳಿಸಿದೆ. ಅದರ ಬದಲು ನಾನು ಮೊದಲು ಮೂಸಿಯೂ ನೋಡದಿದ್ದ ಒಂದು ಪುಸ್ತಕ ಪಾಸಾಯಿತು. ಅದರಲ್ಲಿ ದೂರದ ಗ್ರಹವೊಂದರಲ್ಲಿ ಪೈಪು ರಿಪೇರಿ ಮಾಡುವ ಇಬ್ಬರು ವಿಧವೆಯರಿದ್ದಾರೆ. ಇಪ್ಪತ್ತು ಪುಟ ಒಂದು ನಟ್ಟು ಹುಡುಕುತ್ತಾ ಜಗಳವಾಡುತ್ತಾರೆ. ಆ ಇಪ್ಪತ್ತು ಪುಟವನ್ನು ಹುಡುಗಿಯರು ಗಟ್ಟಿಯಾಗಿ ಓದಿಸಿ ನಕ್ಕರಂತೆ. ನೀವೂ ಓದಿ. ಕತ್ತಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಉಡದ ಕಿವಿಯಲ್ಲಿ ಆಕೆ ಹೇಳಿದ್ದೇನೆಂದು ನಾನು ತಿಳಿದುಕೊಂಡದ್ದು ಎಲ್ಲರಿಗಿಂತ ಕೊನೆಗೆ. ಇಪ್ಪತ್ತಾರು ಜನರ ಸರದಿ ಮುಗಿದ ಮೇಲೆ ಪುಸ್ತಕ ನನ್ನ ಕೈಗೆ ಬಂತು. ನಿಮಗೆ ಹೇಳುವುದಿಲ್ಲ.

ಈ ಸಲ ರಜೆ ಶುರುವಾದ ವಾರಕ್ಕೆ ಅವಳ ಮೆಸೇಜು ಬಂತು. "ಸರ, ಎಲ್ಲಾರೂ ಊರಿಗೆ ಹೋದ್ರು. ಎರಡು ಅರಿ ನನ್ನವು ಮುಗದಾವ. ಶನಿವಾರ ಬಂದ್ರ ಏನರ ತರ್ರಿ. ಓದಿ ತರ್ರಿ."

ಶನಿವಾರ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಕೈಯಲ್ಲಿ ಮೂರು ಪುಸ್ತಕ ಇದ್ದವು. ಎರಡು ಪೂರ್ತಿ ಓದಿದ್ದೆ, ಮೂರನೆಯದರಲ್ಲಿ ಇನ್ನೂ ನೂರಿಪ್ಪತ್ತು ಪುಟ ಉಳಿದಿತ್ತು. ನಿಂತುಕೊಂಡು ಹೋದರೆ ಮುಗಿಯುವುದಿಲ್ಲ, ಸೀಟು ಬೇಕೇ ಬೇಕು. ಬಸ್ಸು ಬಂತು, ಜನ ಓಡಿದರು, ಟವೆಲುಗಳು ಹಾರಿದವು. ನಾನು ಅವತ್ತೂ ಟವೆಲ್ ತಂದಿರಲಿಲ್ಲ. ಕೈ ತಾನಾಗಿ ಪುಸ್ತಕ ಎತ್ತಿತು, ತಡೆದೆ. ಬಗ್ಗಿ ಬಲಗಾಲಿನ ಚಪ್ಪಲಿ ಕಳಚಿ ಕಿಟಕಿಯೊಳಗೆ ಎಸೆದೆ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹೀಗೆ ಹತ್ತಿ ಬಂದರೆ ಕಿಟಕಿ ಪಕ್ಕದ ಸೀಟಿನ ಮೇಲೆ ನನ್ನ ಚಪ್ಪಲಿ ಒಂದೇ ಆರಾಮಾಗಿ ಕೂತಿತ್ತು. ಪಕ್ಕದಲ್ಲಿ ನಿಂತಿದ್ದವರು ಅದರತ್ತ ಕೈ ಚಾಚಿರಲಿಲ್ಲ.

ಕೂತು ಓದತೊಡಗಿದೆ. ಗಬ್ಬೂರು ಹತ್ತಿರ ಬಂದಾಗ ಎಪ್ಪತ್ತು ಪುಟ ಬಾಕಿ. ಟೈರೊಂದು ಪಂಕ್ಚರ್ ಆಗಲಿ ಎಂದು ಆ ಬಸ್ಸಿನಲ್ಲಿ ಬೇಡಿಕೊಂಡವನು ನಾನೊಬ್ಬನೇ ಇರಬೇಕು. ಆಗಲಿಲ್ಲ. ಅವತ್ತು ಬಸ್ಸು ಹೇಳಿದ ಸಮಯಕ್ಕೆ ದೇವದುರ್ಗ ಮುಟ್ಟಿತು. ಇಳಿದು, ಹಾಸ್ಟೆಲಿನ ದಾರಿ ಹಿಡಿಯದೆ, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಮೂವತ್ತೆಂಟು ಪುಟ ಉಳಿದಿತ್ತು.